ರೂಪಾಳ ಹೆಸರಿಗೆ ಬಂದ ರಿಜಿಸ್ಟರ್

ಮಾವಿನ ಸೊನೆಯ ವಾಸನೆಗೆ ಬೇರೆಯವರ ಬಾಯಲ್ಲಿ ನೀರೂರುತ್ತದೆ. ನನಗೆ ಅಂಗೈ ಬೆವರುತ್ತದೆ. ಮೊನ್ನೆ ಶ್ರೀನಿವಾಸಪುರದಲ್ಲಿ ಕೋಲಾರದ ಬಸ್ಸು ಹತ್ತಿ ಕೂತಿದ್ದೆ. ಪಕ್ಕದ ಸೀಟಿಗೆ ಬಂದ ಹೆಂಗಸು ಕಾಲ ಬಳಿ ಒಂದು ಗೋಣಿಚೀಲ ಇಟ್ಟುಕೊಂಡರು. ಬೆಳಿಗ್ಗೆ ಕಿತ್ತ ಕಾಯಿ, ತೊಟ್ಟಿನ ಸೊನೆ ಇನ್ನೂ ಆರಿರಲಿಲ್ಲ. ಆ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕತ್ತು ತಿರುಗಿಸಿ ಬಸ್ಸಿನ ಹಿಂದಿನ ಸೀಟುಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಯಾರನ್ನು ಹುಡುಕುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು. ಅವನು ಅಲ್ಲಿರಲಿಲ್ಲ. ಆದರೂ ಕೋಲಾರ ಬರುವವರೆಗೆ ನಾನು ಬೆನ್ನು ಒರಗಿಸಿ ಕೂರಲಿಲ್ಲ.

ಕೆಲವು ವರ್ಷಗಳ ಹಿಂದೆ, ಅಂಚೆಯಲ್ಲಿ ರಿಜಿಸ್ಟರ್ ಪೋಸ್ಟ್ ಎನ್ನುವುದು ಇನ್ನೂ ಇದ್ದಾಗ, ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯ ಬ್ರಾಂಚ್ ಪೋಸ್ಟ್ ಆಫೀಸಿಗೆ ನನ್ನನ್ನು ಹಾಕಿದ್ದರು. ಊರಿನ ಹೆಸರು ಬರೆಯುವುದಿಲ್ಲ. ಇಲ್ಲಿ ಬರುವವರ ಹೆಸರುಗಳನ್ನೂ ಬದಲಾಯಿಸಿದ್ದೇನೆ. ಯಾಕೆಂದು ಮುಂದೆ ಓದಿದರೆ ತಿಳಿಯುತ್ತದೆ. ನಾನು ಮುಳಬಾಗಿಲಿನ ಕಡೆಯವಳು, ಆಗಿನ್ನೂ ಮದುವೆಯಾಗಿರಲಿಲ್ಲ. ರಸ್ತೆಗೆ ಅಂಟಿಕೊಂಡ ಒಂದು ಹೆಂಚಿನ ಮನೆ. ಮುಂದಿನ ಕೋಣೆ ಪೋಸ್ಟ್ ಆಫೀಸು, ಹಿಂದಿನ ಕೋಣೆಯಲ್ಲಿ ನನ್ನ ಒಲೆ, ಹಾಸಿಗೆ, ಒಂದು ಟ್ರಂಕು. ಬಾಗಿಲು ತೆರೆದರೆ ಎದುರಿಗೆ ಮಾವಿನ ತೋಪು, ಪಕ್ಕದಲ್ಲಿ ಹಿಪ್ಪುನೇರಳೆ ತೋಟ.

ಆ ಹಿಪ್ಪುನೇರಳೆ ತೋಟ ಕಮಲಮ್ಮನವರದು. ಗಂಡ ತೀರಿಕೊಂಡ ಮೇಲೆ ಒಬ್ಬರೇ ರೇಷ್ಮೆ ಹುಳು ಸಾಕುತ್ತಿದ್ದರು. ದೊಡ್ಡ ಗಂಟಲು, ಅರ್ಧ ತೆಲುಗು ಅರ್ಧ ಕನ್ನಡದ ಮಾತು. ಊರಿಗೆ ಬಂದ ಹೊಸದರಲ್ಲಿ ನನಗೆ ಚೊಂಬು ತುಂಬ ಮಜ್ಜಿಗೆ ತಂದುಕೊಟ್ಟು, "ಏಮ್ಮಾ ಪೋಸ್ಟಮ್ಮ, ಒಬ್ಳೇ ಇರ್ತೀಯ? ಏನೂ ಭಯ ಪಡಬೇಡ, ನನ್ನ ಗೋಡೆ ನಿನ್ನ ಗೋಡೆ ಒಂದೇ" ಅಂದಿದ್ದರು. ನಿಜವಾಗಿಯೂ ಗೋಡೆ ಒಂದೇ. ಅವರ ಹುಳು ಮನೆಯಲ್ಲಿ ಹುಳುಗಳು ಸೊಪ್ಪು ತಿನ್ನುವಾಗ ಬರುವ ಸದ್ದು, ತೆಳ್ಳಗೆ ಮಳೆ ಬಿದ್ದ ಹಾಗೆ, ನನ್ನ ಕೋಣೆಗೆ ಕೇಳುತ್ತಿತ್ತು.

ಯುಗಾದಿ ಕಳೆದ ಮೇಲೆ ಕಮಲಮ್ಮನ ಮನೆಗೆ ರೂಪಾ ಬಂದಳು. ಇಪ್ಪತ್ತೈದರ ಆಸುಪಾಸು, ತೆಳ್ಳಗಿನ ಹುಡುಗಿ. "ನಮ್ಮಕ್ಕನ ಮಗಳು, ಹುಳಕ್ಕೆ ಸೊಪ್ಪು ಹಾಕೋಕೆ ಬಂದವಳೆ" ಎಂದಷ್ಟೇ ಕಮಲಮ್ಮ ಹೇಳಿದರು. ಸಂಜೆಗೆ ಮುಂಚೆ, ಸೊಪ್ಪು ಕೊಯ್ದು ಮುಗಿಸಿ, ರೂಪಾ ನನ್ನ ಆಫೀಸಿಗೆ ಬಂದು ಕೂರುತ್ತಿದ್ದಳು. ನಾನು ಕುರ್ಚಿ ಹಾಕಿದರೂ ಅದರಲ್ಲಿ ಕೂರುತ್ತಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ರಸ್ತೆ ಕಾಣುವ ಹಾಗೆ, ಆದರೆ ರಸ್ತೆಯವರಿಗೆ ತಾನು ಕಾಣದ ಹಾಗೆ ನೆಲದ ಮೇಲೆ ಕೂರುತ್ತಿದ್ದಳು. ಯಾವುದಾದರೂ ಗಾಡಿ ಬಂದ ಸದ್ದಾದರೆ ಅವಳ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಗಾಡಿ ಮುಂದೆ ಹೋದ ಮೇಲೆ ಎಲ್ಲಿ ನಿಲ್ಲಿಸಿದ್ದಳೋ ಅಲ್ಲಿಂದಲೇ ಮತ್ತೆ ಮಾತು ಶುರು ಮಾಡುತ್ತಿದ್ದಳು. ಮೊದಮೊದಲು ನನಗೆ ಅದು ನಗು ತರಿಸುತ್ತಿತ್ತು.

ಒಂದು ದಿನ ಸೊಪ್ಪಿನ ಹೊರೆ ಇಳಿಸುವಾಗ ಅವಳ ರವಿಕೆಯ ತೋಳು ಮೇಲೆ ಸರಿಯಿತು. ಮೊಣಕೈ ಮೇಲೆ ತ್ರಿಕೋನದ ಹಾಗೆ ಸುಟ್ಟ ಗಾಯದ ಕಲೆ.

"ಇದೇನು ರೂಪಾ?"

"ಇಸ್ತ್ರಿ ಪೆಟ್ಟಿಗೆ ಅಕ್ಕ."

"ಬಿಸಿ ತಾಗಿತಾ?"

ಅವಳು ನನ್ನನ್ನೇ ನೋಡಿ, "ತಾಗಲಿಲ್ಲ, ಇಟ್ಟ" ಅಂದಳು.

ಹಾಗೆ ಅವಳ ಕತೆ ಸ್ವಲ್ಪ ಸ್ವಲ್ಪವಾಗಿ ಹೊರಬಂತು. ಗಂಡ ಮೋಹನ, ಮುಳಬಾಗಿಲಿನಲ್ಲಿ ಸ್ವಂತ ಅಂಗಡಿ ಇಟ್ಟವನು. ಹೊರಗೆ ಎಲ್ಲರೊಂದಿಗೆ ನಗುನಗುತ್ತ ಮಾತಾಡುತ್ತಾನೆ. ಒಂದು ಸಲ ತಪ್ಪಿಸಿಕೊಂಡು ಠಾಣೆಗೆ ಹೋಗಿದ್ದಳಂತೆ. ಅಲ್ಲಿ ಎರಡೂ ಕಡೆಯ ಹಿರಿಯರನ್ನು ಕೂರಿಸಿ ರಾಜಿ ಮಾಡಿಸಿ, ಅದೇ ಗಂಡನ ಗಾಡಿಯಲ್ಲಿ ಕಳಿಸಿಕೊಟ್ಟರು. "ದಾರೀಲಿ ಒಂದ್ ಮಾತೂ ಆಡ್ಲಿಲ್ಲ ಅಕ್ಕ. ಮನೆಗ್ ಹೋಗಿ ಬಾಗಿಲು ಹಾಕಿ, ಇಸ್ತ್ರಿ ಪೆಟ್ಟಿಗೆ ಸ್ವಿಚ್ ಹಾಕ್ದ. ಬಿಸಿ ಆಗೋತನಕ ಪಕ್ಕದಲ್ಲಿ ಕೂತು ಕಾಯ್ದ" ಎಂದಳು. ಎರಡನೇ ಸಲ ತಪ್ಪಿಸಿಕೊಂಡಾಗ ತವರಿಗೂ ಹೋಗದೆ ಕಮಲಮ್ಮನ ಬಳಿಗೆ ಬಂದಿದ್ದಳು. ಕಮಲಮ್ಮ ಅವಳ ತಾಯಿಯ ಮಲತಂಗಿ. ಎರಡು ಮನೆಗೂ ಬಹಳ ಹಿಂದೆಯೇ ಮಾತು ಬಿಟ್ಟುಹೋಗಿತ್ತು. ಇಲ್ಲಿ ಹುಡುಕುವುದಿಲ್ಲ ಎಂಬ ಧೈರ್ಯ.

ಆ ವರ್ಷ ಬಿಸಿಲು ವಿಪರೀತ. ಮಧ್ಯಾಹ್ನ ಊರೇ ಬಾಗಿಲು ಹಾಕಿಕೊಂಡು ಮಲಗುತ್ತಿತ್ತು. ಆಮೇಲೆ ಒಂದು ಸಂಜೆ ಗಾಳಿ ಎದ್ದು, ಆಲಿಕಲ್ಲು ಸುರಿದು, ತೋಪಿನ ಕೆಳಗೆಲ್ಲ ಎಳೆಗಾಯಿ ಉದುರಿಬಿತ್ತು. ಉಳಿದ ಕಾಯಿ ಬಲಿತು ಕೊಯ್ಲು ಶುರುವಾಯಿತು. ಕ್ರೇಟು ತುಂಬಿಕೊಂಡ ಟೆಂಪೋಗಳು ನಮ್ಮ ಬಾಗಿಲ ಮುಂದೆಯೇ ಮಂಡಿಗೆ ಹೋಗತೊಡಗಿದವು. ಹೊಸ ಮುಖಗಳು ಬಂದವು: ವ್ಯಾಪಾರಿಗಳು, ಕಾಯಿ ಕೀಳುವವರು, ಕ್ರೇಟು ತುಂಬುವ ಹೆಂಗಸರು. ರೂಪಾ ನನ್ನ ಆಫೀಸಿಗೆ ಬರುವುದನ್ನು ಕಮ್ಮಿ ಮಾಡಿದಳು.

ದಿನವೂ ಬೆಳಿಗ್ಗೆ ಶ್ರೀನಿವಾಸಪುರದಿಂದ ಟಪಾಲು ಚೀಲ ತರುತ್ತಿದ್ದವರು ನಾರಾಯಣಪ್ಪ. ನಿವೃತ್ತಿಗೆ ಹತ್ತಿರ ಬಂದ ಮನುಷ್ಯ, ಟಿವಿಎಸ್ ಗಾಡಿಯಲ್ಲಿ ಬರುತ್ತಿದ್ದರು. ಒಂದು ದಿನ ಚೀಲ ಇಳಿಸುತ್ತಲೇ, "ಮೇಡಂ, ಒಂದ್ ರಿಜಿಸ್ಟರ್ ಐತೆ. ಯಾರೋ ರೂಪಾ ಅಂತೆ. ಈ ಊರಾಗೆ ಯಾರು?" ಅಂದರು.

ಉದ್ದನೆಯ ಕಂದು ಲಕೋಟೆ. ಬಾಲ್‌ಪೆನ್ನಿನಲ್ಲಿ ಒತ್ತಿ ಒತ್ತಿ ಬರೆದ ದಪ್ಪ ಅಕ್ಷರ. ರೂಪಾಳ ಹೆಸರು, ಅದರ ಕೆಳಗೆ ಎರಡು ಗೆರೆ, ಮೋಹನನ ಹೆಂಡತಿ, ನಮ್ಮ ಊರು. ಮನೆಯ ಹೆಸರಿಲ್ಲ, ಕಮಲಮ್ಮನ ಹೆಸರೂ ಇಲ್ಲ. ಕಳಿಸಿದವನ ವಿಳಾಸ ಮುಳಬಾಗಿಲು.

ಇಲಾಖೆ ಕೊಟ್ಟ ಮೊಬೈಲಿನಲ್ಲಿ ಲಕೋಟೆಯನ್ನು ಸ್ಕ್ಯಾನ್ ಮಾಡಿ ಆಗಿತ್ತು. ಅಂದರೆ ಲಕೋಟೆ ಈ ಊರು ಮುಟ್ಟಿದೆ ಎಂದು ಅದನ್ನು ಕಳಿಸಿದವನು ತನ್ನ ಫೋನಿನಲ್ಲಿ ಆಗಲೇ ನೋಡಬಹುದಿತ್ತು. ರಿಜಿಸ್ಟರ್ ಬಂದಿದೆ ಎಂದು ತಿಳಿಸುವ ಚೀಟಿ ಬರೆದುಕೊಂಡು ನಾನು ಕಮಲಮ್ಮನ ಮನೆಗೆ ಹೋದೆ. ರೂಪಾ ಹುಳುವಿನ ತಟ್ಟೆಗೆ ಸೊಪ್ಪು ಹರಡುತ್ತಿದ್ದಳು. ಸುದ್ದಿ ಕೇಳಿ ಅವಳ ಕೈ ನಿಂತಿತು. ಅವಳು ಅಳಲಿಲ್ಲ, ಕೂಗಲಿಲ್ಲ. ಸೊಪ್ಪಿನ ಬುಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟು, ಹಿತ್ತಲ ಬಾಗಿಲಿನ ಚಿಲಕ ಹಾಕಿ ಬಂದಳು.

"ನಂಗೆ ಬೇಡ ಅಕ್ಕ. ವಾಪಸ್ ಕಳಿಸ್ಬಿಡಿ."

"ಕಳಿಸ್ತೀನಿ. ಆದ್ರೆ ಸುಮ್ನೆ ಕಳಿಸೋ ಹಾಗಿಲ್ಲ ರೂಪಾ. ಯಾಕೆ ವಾಪಸ್ ಅಂತ ಲಕೋಟೆ ಮೇಲೆ ಬರೀಬೇಕು. ನೀನು ಬೇಡ ಅಂದ್ರೆ ‘ನಿರಾಕರಿಸಿದ್ದಾರೆ’ ಅಂತ ಬರೀಬೇಕು."

ಅದನ್ನು ಹೇಳುತ್ತಿದ್ದ ಹಾಗೆ ನನಗೇ ಅದರ ಅರ್ಥ ಹೊಳೆಯಿತು. ನಿರಾಕರಿಸಬೇಕಾದರೆ ಇಲ್ಲಿ ಇರಬೇಕು. ಆ ಒಂದು ಪದವೇ ಮನೆಗೆ ದಾರಿ ತೋರಿಸಿದ ಹಾಗೆ.

ಕಮಲಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತರು. "ಅಂಥೋರು ಯಾರೂ ಇಲ್ಲ ಅಂತ ಬರ್ದು ಬಿಸಾಕಮ್ಮ. ನಿನ್ನ ಕೈಯಾಗೆ ತಾನೇ ಪೆನ್ನು ಇರೋದು?"

ಹಾಗೆ ಬರೆಯಲು ನನ್ನ ಮನಸ್ಸೂ ಎಳೆಯಿತು. ಸುಳ್ಳು ಬರೆದದ್ದು ಗೊತ್ತಾದರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆ ಒಂದು ಕಡೆ. ಊರವರೆಲ್ಲ ರೂಪಾಳನ್ನು ನೋಡಿದ್ದಾರೆ, ಯಾರಾದರೂ ಬಂದು ವಿಚಾರಿಸಿದರೆ ಆ ಸುಳ್ಳು ಅರ್ಧ ಗಳಿಗೆಯೂ ನಿಲ್ಲುವುದಿಲ್ಲ ಎಂಬುದು ಇನ್ನೊಂದು ಕಡೆ. ಚೀಟಿ ಕೊಟ್ಟ ಮೇಲೆ ಒಂದು ವಾರದವರೆಗೆ ಲಕೋಟೆಯನ್ನು ಇಟ್ಟುಕೊಳ್ಳಲು ಅವಕಾಶ ಇತ್ತು. ಅಷ್ಟರಲ್ಲಿ ಏನಾದರೂ ಯೋಚಿಸೋಣ ಎಂದು ಹೇಳಿ ಬಂದೆ.

ಮಾರನೆಯ ದಿನ ಏನೋ ಕೆಲಸಕ್ಕೆ ಶ್ರೀನಿವಾಸಪುರದ ಆಫೀಸಿಗೆ ಹೋಗಿದ್ದೆ. ಅಲ್ಲಿ ಮೇಜಿನ ಮೇಲೆ ವಾಪಸ್ ಹೋಗಬೇಕಾದ ಟಪಾಲಿನ ಕಟ್ಟು. ಮೇಲಿದ್ದ ಲಕೋಟೆ ನೋಡಿ ನಿಂತುಬಿಟ್ಟೆ. ಅದೇ ಕಂದು ಬಣ್ಣ, ಅದೇ ಒತ್ತಿ ಬರೆದ ಅಕ್ಷರ, ರೂಪಾಳ ಹೆಸರಿನ ಕೆಳಗೆ ಅದೇ ಎರಡು ಗೆರೆ. ಊರು ಮಾತ್ರ ಬೇರೆ. ಅದರ ಕೆಳಗೆ ಇನ್ನೊಂದು, ಮತ್ತೊಂದು ಊರಿಗೆ. ಎಲ್ಲದರ ಮೇಲೂ ‘ಈ ಹೆಸರಿನವರು ಇಲ್ಲಿಲ್ಲ’ ಎಂದು ಆಯಾ ಊರಿನವರು ಬರೆದು ಕಳಿಸಿದ್ದರು.

ನಾರಾಯಣಪ್ಪನವರು ನನ್ನ ಪಕ್ಕ ಬಂದು ನಿಂತು ನೋಡಿದರು. ನಾನು ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ಆ ಲಕೋಟೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ, "ಬಲೆ ಬೀಸವ್ನೆ ಮೇಡಂ. ನೆಂಟರು ಇರೋ ಊರಿಗೆಲ್ಲ ಒಂದೊಂದು ಹಾಕವ್ನೆ. ಯಾವ್ದು ತಿರುಗಿ ಬರಲ್ವೋ ಅಲ್ಲಿ ಮೀನು ಐತೆ ಅಂತ" ಅಂದರು.

ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಮಿಕ್ಕದ್ದೂ ಅರ್ಥವಾಯಿತು. ಉಳಿದ ಊರುಗಳಿಂದ ಲಕೋಟೆ ಹೋದ ಬಿರುಸಿನಲ್ಲೇ ತಿರುಗಿತ್ತು. ನಮ್ಮಲ್ಲಿ ಮಾತ್ರ ನಿಂತಿತ್ತು. ಅವನು ಮುಳಬಾಗಿಲಿನಲ್ಲಿ ಕೂತು ಫೋನು ನೋಡುತ್ತಿದ್ದಾನೆ, ನಮ್ಮ ಊರಿನ ಲಕೋಟೆ ಅಲ್ಲಾಡುತ್ತಿಲ್ಲ.

ಆ ಸಂಜೆ ಕಮಲಮ್ಮನ ಅಡುಗೆಮನೆಯಲ್ಲಿ ನಾವು ಮೂವರು ಕೂತೆವು. ನಾನು ನೋಡಿದ್ದನ್ನು ಹೇಳಿದೆ. ಕಮಲಮ್ಮ ತೆಲುಗಿನಲ್ಲಿ ಬೈಯುತ್ತ ಒಲೆಗೆ ಕಡ್ಡಿ ನೂಕುತ್ತಿದ್ದರು. ನಾನು ಕೊನೆಗೆ, "ಆಗಿದ್ದಾಗಲಿ, ಇಲ್ಲಿಲ್ಲ ಅಂತಲೇ ಬರೀತೀನಿ" ಅಂದೆ.

ರೂಪಾ ತಲೆ ಅಲ್ಲಾಡಿಸಿದಳು. "ಬೇಡ ಅಕ್ಕ. ನನ್ನಿಂದ ನಿಮ್ಮ ಅನ್ನ ಹೋಗೋದು ಬೇಡ. ನೀವು ಸುಳ್ಳು ಬರೀಬೇಡಿ, ನಾವೇ ಅದನ್ನ ನಿಜ ಮಾಡೋಣ. ನಾನ್ ಹೋಗ್ತೀನಿ."

"ಎಲ್ಲಿಗೆ ಹೋಗ್ತೀಯೇ?" ಎಂದು ಕಮಲಮ್ಮ ಗದರಿದರು. ಅವರ ಕಣ್ಣು ತುಂಬಿತ್ತು.

ನನಗೆ ಲಲಿತಕ್ಕ ನೆನಪಾದರು. ನಮ್ಮ ದೊಡ್ಡಮ್ಮನ ಮಗಳು. ಮಾಲೂರು ತಾಲ್ಲೂಕಿನ ಲಕ್ಕೂರಿನಲ್ಲಿ, ಹತ್ತಿರದ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಎರಡು ಕೋಣೆ ಬಾಡಿಗೆಗೆ ಕೊಟ್ಟಿದ್ದರು. ಅಲ್ಲೇ ಫೋನು ಮಾಡಿದೆ. ಲಲಿತಕ್ಕ ಹೆಚ್ಚೇನೂ ಕೇಳಲಿಲ್ಲ. "ಕಳಿಸು. ನಾನು ಮಾಲೂರು ಬಸ್‌ಸ್ಟ್ಯಾಂಡಿಗೆ ಬರ್ತೀನಿ. ಕೈಚೀಲ ಒಂದೇ ತರೋಕ್ ಹೇಳು" ಎಂದರು.

ಮರುದಿನ ಮಧ್ಯಾಹ್ನ ತೋಪಿನಿಂದ ಹೊರಡುವ ಟೆಂಪೋದಲ್ಲಿ, ಕ್ರೇಟು ತುಂಬುವ ಹೆಂಗಸರ ಜೊತೆ ರೂಪಾ ಶ್ರೀನಿವಾಸಪುರಕ್ಕೆ ಹೋಗುವುದು. ಅಲ್ಲಿ ನಾರಾಯಣಪ್ಪನವರು ಅವಳನ್ನು ಕೋಲಾರದ ಬಸ್ಸು ಹತ್ತಿಸುವುದು. ಹೀಗೆ ಮಾತಾಯಿತು.

ಆ ಮಧ್ಯಾಹ್ನಕ್ಕೆ ಮುಂಚೆಯೇ ಮೋಹನ ಬಂದ.

ಒಂದು ಬಿಳಿ ಕಾರು ಬಂದು ನನ್ನ ಬಾಗಿಲ ಮುಂದೆ, ಕಿರಿದಾದ ರಸ್ತೆಗೆ ಅಡ್ಡವಾಗಿ ನಿಂತಿತು. ಇಳಿದವನು ಇಸ್ತ್ರಿ ಮಾಡಿದ ಅಂಗಿ ತೊಟ್ಟ, ನೋಡಲು ಲಕ್ಷಣವಾದ ಮನುಷ್ಯ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ನಮಸ್ಕಾರ ಮಾಡಿದ. ಆ ಅಂಗಿಯ ತೋಳಿನ ಇಸ್ತ್ರಿ ಗೆರೆ ಅಷ್ಟು ನೇರವಾಗಿ, ಅಷ್ಟು ಚೂಪಾಗಿ ಇತ್ತು. ನಾನು ಅದನ್ನೇ ನೋಡುತ್ತ ನಿಂತೆ.

"ಮೇಡಂ, ನಂದೊಂದು ರಿಜಿಸ್ಟರ್ ನಿಮ್ಮಲ್ಲೇ ನಿಂತುಬಿಟ್ಟಿದೆ. ನೋಡಿ." ಫೋನನ್ನು ನನ್ನ ಕಡೆ ತಿರುಗಿಸಿದ. "ಕೊಟ್ಟಿದೀರೋ, ಇಲ್ವೋ?"

"ಇನ್ನೂ ಇಲ್ಲ ಸರ್."

"ಅವಳು ಇದಾಳಾ ಇಲ್ಲಿ?"

"ಟಪಾಲು ಯಾರದು, ಎಲ್ಲಿದಾರೆ ಅಂತ ನಾವು ಬೇರೆಯವರಿಗೆ ಹೇಳೋ ಹಾಗಿಲ್ಲ."

"ನಾನು ಬೇರೆಯವನಾ ಮೇಡಂ? ನಾನು ಗಂಡ." ನಕ್ಕ. ಒಳ್ಳೆಯ ನಗು. "ಅವಳಿಗೆ ತಲೆ ಸರಿ ಇಲ್ಲ. ಔಷಧಿ ತಗೊಳ್ತಾ ಇದ್ಲು. ಏನಾದ್ರೂ ಮಾಡ್ಕೊಂಡ್ರೆ ಅಂತ ನನಗೆ ನಿದ್ದೆ ಇಲ್ಲ." ಆಮೇಲೆ ಹಿಂದಿನ ಕೋಣೆಯ ಕಡೆ ಕಣ್ಣು ಹಾಯಿಸಿ, "ನೀವು ಇಲ್ಲೇ ಇರ್ತೀರಾ? ಒಬ್ರೇನಾ?" ಎಂದು ಕೇಳಿದ. ಆ ಪ್ರಶ್ನೆಯನ್ನು ಅವನು ಬಹಳ ಮೃದುವಾಗಿ ಕೇಳಿದ.

ನಾನು ಆ ಕೋಣೆಯ ಬಾಗಿಲನ್ನು ಮುಂದಕ್ಕೆ ಎಳೆದೆ. ಅವನು ಹೊರಗಿನ ಜಗಲಿಯ ಮೇಲೆ ಹೋಗಿ ಕೂತ. "ಪರ್ವಾಗಿಲ್ಲ, ಕಾಯ್ತೀನಿ. ಲೆಟರ್ ಕೇಳ್ಕೊಂಡು ಯಾರಾದ್ರೂ ಬರ್ಬೇಕಲ್ಲ" ಎಂದ. ಜಗಲಿಯಿಂದ ಕಮಲಮ್ಮನ ಮನೆಯ ಬಾಗಿಲು ನೇರವಾಗಿ ಕಾಣುತ್ತಿತ್ತು. ಅದು ಯಾರ ಮನೆ ಎಂದು ಅವನಿಗೆ ಗೊತ್ತಿರಲಿಲ್ಲ. ಅವನು ರಸ್ತೆಯ ಎರಡೂ ಕಡೆ ನೋಡುತ್ತಿದ್ದ. ಪಕ್ಕದ ಗೋಡೆಯಾಚೆ ಹುಳು ಸೊಪ್ಪು ತಿನ್ನುವ ಸದ್ದು ಕೇಳುತ್ತಲೇ ಇತ್ತು.

ನಾನು ಹಿಂದಿನ ಕೋಣೆಗೆ ಹೋಗಿ ಕಮಲಮ್ಮನಿಗೆ ಫೋನು ಮಾಡಿ ಪಿಸುಗುಟ್ಟಿದೆ. ಅವರು ಮೊದಲೇ ಕಿಟಕಿಯಿಂದ ಕಾರು ನೋಡಿದ್ದರು. "ಅವಳು ಹಿತ್ತಲಿಂದ ಸುತ್ತಿ ತೋಪಿಗೆ ಹೋಗಾಯ್ತು. ಟೆಂಪೋ ಹತ್ತಿಬಿಟ್ಟವಳೆ" ಎಂದರು. ತೋಪಿನಿಂದ ಶ್ರೀನಿವಾಸಪುರಕ್ಕೆ ಹೋಗಲು ಬೇರೆ ದಾರಿ ಇಲ್ಲ. ಟೆಂಪೋ ನಮ್ಮ ಬಾಗಿಲ ಮುಂದೆಯೇ ಬರಬೇಕು.

ಅವನನ್ನು ಒಳಗೆ ಕೂರಿಸಬೇಕು ಎಂದಷ್ಟೇ ತಲೆಗೆ ಬಂತು. "ಸರ್, ಬಿಸಿಲಲ್ಲಿ ಯಾಕೆ, ಒಳಗೆ ಬನ್ನಿ. ಲೆಟರ್ ನಿಮಗೇ ವಾಪಸ್ ಬೇಕಾದ್ರೆ ಅದಕ್ಕೊಂದು ಅರ್ಜಿ ಕೊಡಬಹುದು. ಹೇಗೆ ಬರೀಬೇಕು ಅಂತ ಹೇಳ್ತೀನಿ" ಎಂದೆ. ಅವನು ಬಂದು ರಸ್ತೆಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂತ. ನಾನು ಒಂದು ಬಿಳಿ ಹಾಳೆ ಕೊಟ್ಟೆ. ಅವನು ಪೆನ್ನು ತೆಗೆದು ಒತ್ತಿ ಒತ್ತಿ ಬರೆಯತೊಡಗಿದ. ನಾನು ಎದುರು ನಿಂತು ಒಂದೊಂದೇ ಪದ ಹೇಳುತ್ತಿದ್ದೆ.

ಟೆಂಪೋ ಸದ್ದು ಹತ್ತಿರವಾಯಿತು. ಹಾದುಹೋಗಲಿ ದೇವರೇ ಎಂದುಕೊಂಡೆ. ಅದು ಹಾದುಹೋಗಲಿಲ್ಲ, ನಿಂತಿತು. ಹಾರನ್ನು ಹೊಡೆಯಿತು. ಮತ್ತೆ ಹೊಡೆಯಿತು.

"ಯಾವನಯ್ಯಾ ಇದು ಕಾರು ಇಟ್ಟೋನು? ದಾರಿ ಬಿಡಪ್ಪೋ!" ಡ್ರೈವರ್ ಕೂಗಿದ.

ಮೋಹನ ಪೆನ್ನು ಕೆಳಗಿಟ್ಟ. "ಒಂದ್ ನಿಮಿಷ ಮೇಡಂ" ಎಂದು ಎದ್ದು ಹೊರಗೆ ಹೋದ.

ನಾನು ಬಾಗಿಲಿಗೆ ಬಂದೆ. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದೆ. ಟೆಂಪೋದಲ್ಲಿ ಕ್ರೇಟುಗಳ ಮೇಲೆ ಐದಾರು ಹೆಂಗಸರು, ಬಿಸಿಲಿಗೆ ತಲೆ ಮುಖಕ್ಕೆಲ್ಲ ಟವೆಲು ಸುತ್ತಿಕೊಂಡು, ಹಳೇ ಗಂಡಸರ ಅಂಗಿ ಸೀರೆಯ ಮೇಲೆ ತೊಟ್ಟು ಕೂತಿದ್ದರು. ಯಾರು ರೂಪಾ ಎಂದು ನನಗೂ ಒಂದು ಕ್ಷಣ ಗೊತ್ತಾಗಲಿಲ್ಲ. ಆಮೇಲೆ ಗೊತ್ತಾಯಿತು. ಉಳಿದವರೆಲ್ಲ ಕಾರಿನ ಕಡೆ ನೋಡಿ ಬೈಯುತ್ತಿದ್ದರು, ಒಬ್ಬಳು ಮಾತ್ರ ತನ್ನ ಮೊಣಕಾಲನ್ನೇ ನೋಡುತ್ತಿದ್ದಳು.

ಮೋಹನ ಕಾರಿನ ಬಾಗಿಲು ತೆರೆಯುವ ಮುಂಚೆ ತಲೆ ಎತ್ತಿ ಆ ಹೆಂಗಸರನ್ನು ನೋಡಿದ. ಒಬ್ಬೊಬ್ಬರನ್ನೂ ನೋಡಿದ ಹಾಗಿತ್ತು. ರೂಪಾಳ ಪಕ್ಕದಲ್ಲಿದ್ದ ಹೆಂಗಸು, "ಏಮಯ್ಯಾ, ನಮ್ಮ ಮುಖ ಏನ್ ನೋಡ್ತೀಯ, ಗಾಡಿ ತೆಗಿ, ಕಾಯಿ ಬಾಡ್ತೈತೆ" ಎಂದು ದಬಾಯಿಸಿದಳು. ಎಲ್ಲರೂ ನಕ್ಕರು. ಅವನು ಕಾರು ಹತ್ತಿ ಹಿಂದಕ್ಕೆ ಸರಿಸಿ, ಜಗಲಿಗೆ ಒತ್ತಿ ನಿಲ್ಲಿಸಿ, ಕಿಟಕಿಯಿಂದ ಕೈ ಹೊರಗೆ ಹಾಕಿ, ಹೋಗಿ ಎಂದು ಸನ್ನೆ ಮಾಡಿದ. ಟೆಂಪೋ ಅವನ ಕೈಗೆ ತಾಗುವಷ್ಟು ಹತ್ತಿರದಲ್ಲಿ ಹಾದುಹೋಯಿತು. ತನ್ನ ಹೆಂಡತಿಗೆ ಅವನೇ ದಾರಿ ಬಿಟ್ಟುಕೊಟ್ಟ.

ಒಳಗೆ ಬಂದು ಕೂತ. ಪೆನ್ನು ತೆಗೆದುಕೊಂಡ. ಬರೆಯಲಿಲ್ಲ.

"ಆ ಟೆಂಪೋ ಎಲ್ಲಿಗ್ ಹೋಗುತ್ತೆ ಮೇಡಂ?"

"ಮಂಡಿಗೆ ಸರ್."

ಅವನು ಬಹಳ ಹೊತ್ತು ನನ್ನ ಕೈಗಳನ್ನೇ ನೋಡಿದ. ನಾನು ಅವನ್ನು ಮೇಜಿನ ಕೆಳಗೆ ಇಟ್ಟುಕೊಂಡೆ. "ಹೌದಲ್ವಾ, ಮಾವಿನ ಸೀಸನ್ನು" ಎಂದು ಹೇಳಿ, ಅರ್ಜಿಯ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಎದ್ದ. ಅವನ ಕಾರು ಶ್ರೀನಿವಾಸಪುರದ ಕಡೆಗೇ ತಿರುಗಿತು.

ಅಲ್ಲಿಂದ ನಾರಾಯಣಪ್ಪನವರ ಫೋನು ಬರುವವರೆಗಿನ ಹೊತ್ತನ್ನು ನಾನು ಹೇಗೆ ಕಳೆದೆನೋ ತಿಳಿಯದು. ಅವರಿಗೆ ಫೋನು ಮಾಡಿ ಕಾರು ಬರುತ್ತಿದೆ ಎಂದು ಹೇಳಿದ್ದೆ. ಕಮಲಮ್ಮ ನನ್ನ ಪಕ್ಕ ಬಂದು ಕೂತು, ನನ್ನ ಕೈ ಹಿಡಿದುಕೊಂಡರು. ಕೊನೆಗೆ ಫೋನು ಬಂತು. "ಹತ್ತಿಸ್ದೆ ಮೇಡಂ. ಮಂಡಿ ತನಕ ಬಿಡ್ಲಿಲ್ಲ, ಊರಾಚೆನೇ ಟೆಂಪೋ ನಿಲ್ಸಿ ಇಳಿಸ್ಕೊಂಡು ಕೋಲಾರದ ಬಸ್ಸಿಗೆ ಕೈ ಅಡ್ಡ ಹಾಕ್ದೆ. ಬಿಳಿ ಕಾರು ಮಂಡಿ ಒಳಗೆ ಸುತ್ತು ಹೊಡೀತಾ ಐತೆ" ಎಂದರು. ಕತ್ತಲಾಗುವ ಮುಂಚೆ ಲಲಿತಕ್ಕನೂ ಫೋನು ಮಾಡಿ, "ನಿನ್ನ ಹುಡುಗಿ ಬಂದಳು, ಊಟ ಮಾಡ್ತಾ ಇದಾಳೆ" ಎಂದರು. ಆಗ ಕಮಲಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಈಗ ಲಕೋಟೆ ಕಳಿಸಬೇಕಿತ್ತು. ನಿಜ ಬರೆಯುವುದಾದರೆ, ‘ಊರು ಬಿಟ್ಟು ಹೋಗಿದ್ದಾರೆ, ಹೊಸ ವಿಳಾಸ ಕೊಟ್ಟಿಲ್ಲ’ ಎಂದು ಬರೆಯಬೇಕು. ಹೊಸ ವಿಳಾಸ ಆಫೀಸಿಗೆ ಅವಳು ಕೊಟ್ಟಿರಲಿಲ್ಲ. ಆದರೆ ಬಿಟ್ಟು ಹೋಗಿದ್ದಾಳೆ ಎಂದರೆ ಇದ್ದಳು ಎಂದಾಗುತ್ತದೆ. ಇಲ್ಲಿ ಯಾರ ಮನೆಯಲ್ಲಿ ಎಂದು ಅವನು ಕೇಳಿಕೊಂಡು ಬರುತ್ತಾನೆ. ಇದನ್ನು ಕಮಲಮ್ಮನಿಗೆ ಹೇಳಿದೆ.

"ಬರ್ದು ಕಳ್ಸು. ಬರ್ಲಿ. ಹುಳ ಬಿಟ್ರೆ ನನ್ನತ್ರ ಏನೈತೆ ಅವನು ಕಿತ್ಕೊಳ್ಳೋಕೆ?" ಎಂದರು.

ಬರೆದೆ. ಸಹಿ ಮಾಡಿದೆ. ನಾರಾಯಣಪ್ಪನವರ ಚೀಲದಲ್ಲಿ ಲಕೋಟೆ ಹೋಯಿತು. ಅಂದಿನಿಂದ ಹಿಂದಿನ ಕೋಣೆಯಲ್ಲಿ ಮಲಗಲು ನನಗೆ ಧೈರ್ಯವಾಗಲಿಲ್ಲ. ಕಮಲಮ್ಮನ ಮನೆಯಲ್ಲಿ ಮಲಗತೊಡಗಿದೆ.

ಅವನು ಬಂದದ್ದು ಹಾಡಹಗಲಲ್ಲೇ. ಕಮಲಮ್ಮನ ಹುಳುಗಳು ಆಗ ಹಣ್ಣಾಗಿದ್ದವು. ಇನ್ನೇನು ಗೂಡು ಕಟ್ಟಲು ಚಂದ್ರಿಕೆಗೆ, ಅಂದರೆ ಸುರುಳಿ ಹೆಣೆದ ಬಿದಿರಿನ ತಟ್ಟಿಗೆ, ಬಿಡಬೇಕು. ಸೊಪ್ಪು ತಿನ್ನುವುದು ನಿಂತು, ಮೈಯೆಲ್ಲ ಹೊಂಬಣ್ಣಕ್ಕೆ ತಿರುಗಿ, ತಲೆ ಎತ್ತಿ ಅತ್ತ ಇತ್ತ ಹುಡುಕುತ್ತಿದ್ದವು. ನಾನು ಆಫೀಸಿನಲ್ಲಿದ್ದೆ. ಮೊದಲು ಗೋಡೆಯಾಚೆ ತಟ್ಟೆಗಳು ಬೀಳುವ ಸದ್ದು ಕೇಳಿತು. ಆಮೇಲೆ ಕಮಲಮ್ಮನ ಕೂಗು.

ಓಡಿದೆ. ಮೋಹನ ಮತ್ತು ಅವನೊಂದಿಗೆ ಬಂದ ಇಬ್ಬರು ಮನೆಯೊಳಗೆಲ್ಲ ಹುಡುಕಿ, ಏನೂ ಸಿಗದೆ, ಹುಳು ಮನೆಗೆ ನುಗ್ಗಿದ್ದರು. ತಟ್ಟೆಗಳನ್ನು ಒಂದೊಂದಾಗಿ ಎಳೆದು ನೆಲಕ್ಕೆ ಚೆಲ್ಲುತ್ತಿದ್ದರು. ಮೋಹನ ಕೂಗುತ್ತಿರಲಿಲ್ಲ. "ಎಲ್ಲಿ ಕಳಿಸಿದೀಯ ಹೇಳು" ಎಂದು ಸಮಾಧಾನದಿಂದ ಕೇಳುತ್ತ, ಚಪ್ಪಲಿ ಕಾಲಿನಲ್ಲಿ ಹುಳುಗಳ ಮೇಲೆ ನಡೆಯುತ್ತಿದ್ದ. ಕಮಲಮ್ಮ ನೆಲದ ಮೇಲೆ ಕೂತು ಎರಡೂ ಕೈಯಲ್ಲಿ ಹುಳು ಬಾಚಿಕೊಳ್ಳುತ್ತಿದ್ದರು. ಬಾಯಲ್ಲಿ ಮಾತ್ರ, "ಚೆಪ್ಪನು! ಹೇಳಲ್ಲ ಕಣೋ, ನನ್ನೂ ತುಳಿ!" ಎಂದು ಕೂಗುತ್ತಿದ್ದರು.

ನಾನು ಬಾಗಿಲಲ್ಲಿ ನಿಂತು ಫೋನು ಎತ್ತಿ ಹಿಡಿದು ಎಲ್ಲವನ್ನೂ ವಿಡಿಯೋ ಮಾಡತೊಡಗಿದೆ. ಅವನು ನನ್ನನ್ನು ನೋಡಿದ. ಮೊದಲ ಸಲ ಆ ನಗು ಇರಲಿಲ್ಲ. ನನ್ನ ಕಡೆ ಬಂದ. ಅಷ್ಟರಲ್ಲಿ ನನ್ನ ಹಿಂದೆ ಜನ ಇದ್ದರು. ತೋಪಿನಲ್ಲಿ ಕ್ರೇಟು ತುಂಬುತ್ತಿದ್ದ ಹೆಂಗಸರು, ಕಾಯಿ ಕೀಳುವವರು, ಟೆಂಪೋ ಡ್ರೈವರ್, ಕಮಲಮ್ಮನ ಕೂಗಿಗೆ ಎದ್ದು ಬಂದ ಅರ್ಧ ಊರು. ಯಾರೂ ಅವನ ಮೇಲೆ ಕೈ ಮಾಡಲಿಲ್ಲ. ಬಾಗಿಲು ಬಿಟ್ಟು ಸರಿಯಲೂ ಇಲ್ಲ. ಪೊಲೀಸರು ಬರುವವರೆಗೆ ಹಾಗೇ ನಿಂತರು.

ರೂಪಾಳ ಕೈ ಸುಟ್ಟಾಗ ರಾಜಿಯಲ್ಲಿ ಮುಗಿದಿತ್ತು. ಹುಳು ತುಳಿದದ್ದಕ್ಕೆ ಕೇಸು ಆಯಿತು. ಇದನ್ನು ನೆನೆದರೆ ನನಗೆ ಇವತ್ತಿಗೂ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಒಬ್ಬ ಹೆಣ್ಣುಮಗಳು ಮುಚ್ಚಿದ ಬಾಗಿಲ ಹಿಂದೆ ಅನುಭವಿಸಿದ್ದಕ್ಕೆ ಸಾಕ್ಷಿ ಇರಲಿಲ್ಲ. ಇದಕ್ಕೆ ಊರೆಲ್ಲ ಸಾಕ್ಷಿ. ನಾನೂ ಹೋಗಿ ಹೇಳಿಕೆ ಕೊಟ್ಟೆ. ಆ ಕೇಸಿನ ಬಲದ ಮೇಲೆ ಕೋಲಾರದಲ್ಲಿ ಒಬ್ಬ ವಕೀಲೆ ರೂಪಾಳ ಹಳೆಯ ದೂರನ್ನೂ ಮತ್ತೆ ಎತ್ತಿಕೊಂಡರು. ಅವಳ ಹತ್ತಿರ ಸುಳಿಯಬಾರದೆಂದು ಕೋರ್ಟು ಅವನಿಗೆ ಆಜ್ಞೆ ಮಾಡಿತು. ವಿಚ್ಛೇದನವಾಗಲು ಬಹಳ ಕಾಲ ಹಿಡಿಯಿತು, ಆದರೆ ಆಯಿತು. ಕಮಲಮ್ಮ ಆ ಬೆಳೆಯಲ್ಲಿ ಉಳಿದಷ್ಟು ಹುಳುವನ್ನೇ ಚಂದ್ರಿಕೆಗೆ ಬಿಟ್ಟು, ನೆಲ ತೊಳೆದು, ಸುಣ್ಣ ಬಳಿದು, ಮತ್ತೆ ಮೊಟ್ಟೆ ತಂದರು.

ಕೇಸು ಆಯಿತೆಂದು ಹೆದರಿಕೆ ಹೋಗಲಿಲ್ಲ. ಮಳೆ ಹಿಡಿದು ತೋಪು ಖಾಲಿಯಾದ ಮೇಲೂ ಬಿಳಿ ಕಾರು ಕಂಡರೆ ನನ್ನ ಕೈಯಲ್ಲಿನ ಮುದ್ರೆ ಜಾರುತ್ತಿತ್ತು. ಮುಂದೆ ನನಗೆ ವರ್ಗವಾಯಿತು, ಮದುವೆಯಾಯಿತು. ಕೆಲವು ಅಭ್ಯಾಸಗಳು ಮಾತ್ರ ಉಳಿದುಕೊಂಡವು. ಹೋಟೆಲಿನಲ್ಲಿ ನಾನು ಇಂದಿಗೂ ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತೇನೆ.

ವಿಚ್ಛೇದನದ ತೀರ್ಪು ಬಂದ ಮೇಲೆ ಒಮ್ಮೆ ಲಕ್ಕೂರಿಗೆ ಹೋಗಿದ್ದೆ. ರೂಪಾ ಹತ್ತಿರದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ಸ್ವಂತಕ್ಕೆ ಒಂದು ಕೋಣೆ ಹಿಡಿದಿದ್ದಳು. ಮೈ ಕೈ ತುಂಬಿಕೊಂಡಿದ್ದಳು. ಅಂದು ಅವಳಿಗೆ ರಜೆ. ಒಳಗಿನಿಂದ ಎರಡು ಚಿಲಕ, ಅದರ ಮೇಲೆ ಒಂದು ಕಬ್ಬಿಣದ ಪಟ್ಟಿ. ನಾನು ಬಂದಾಗ ಎಲ್ಲವನ್ನೂ ತೆಗೆದು ಬಾಗಿಲು ತೆರೆದಳು, ನಾನು ಒಳಗೆ ಬಂದದ್ದೇ ಮತ್ತೆ ಹಾಕಿದಳು. ಅವಲಕ್ಕಿ ಒಗ್ಗರಣೆ ಮಾಡಿದಳು. ತಿನ್ನುತ್ತ ಮಾತಾಡುತ್ತಿರುವಾಗ ಹೊರಗೆ ಬೀದಿಯಲ್ಲಿ ಒಬ್ಬ ಗಂಡಸಿನ ಧ್ವನಿ ಕೇಳಿತು.

"ರೂಪಾ ಅನ್ನೋರು ಯಾರಮ್ಮ ಇಲ್ಲಿ? ರೂಪಾ!"

ತಟ್ಟೆಯ ಮೇಲಿದ್ದ ಅವಳ ಕೈ ನಿಂತಿತು. ನನ್ನದೂ ನಿಂತಿತು. ಅವಳ ಹೆಸರನ್ನು ಬೀದಿಯಲ್ಲಿ ಯಾರೋ ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವಳು ಎದ್ದು ಕಿಟಕಿಯ ಪರದೆಯನ್ನು ಬೆರಳಷ್ಟು ಸರಿಸಿ ನೋಡಿದಳು. ನಾನೂ ಅವಳ ಹೆಗಲ ಮೇಲಿಂದ ನೋಡಿದೆ. ಖಾಕಿ ಅಂಗಿಯ ಪೋಸ್ಟ್‌ಮ್ಯಾನ್ ಬೀದಿಯ ನಡುವೆ ನಿಂತು, ಒಂದು ಲಕೋಟೆಯನ್ನು ಕಣ್ಣಿನ ಹತ್ತಿರ ಹಿಡಿದು ಓದುತ್ತಿದ್ದ.

"ಹೊಸ ವಿಳಾಸಕ್ಕೆ ಆಧಾರ್ ಕಾರ್ಡ್ ಬರೋದಿತ್ತು ಅಕ್ಕ" ಎಂದು ಪಿಸುಗುಟ್ಟಿದಳು. ಆದರೂ ಕದಲಲಿಲ್ಲ. ಬೀದಿಯ ಎರಡೂ ಕಡೆ ನೋಡಿದಳು.

"ಯಾರೂ ಇಲ್ವೇನಮ್ಮಾ? ವಾಪಸ್ ಕಳಿಸ್ಲಾ?" ಎಂದು ಪೋಸ್ಟ್‌ಮ್ಯಾನ್ ಕೂಗಿದ.

ರೂಪಾ ಬಾಗಿಲಿಗೆ ಹೋದಳು. ಮೊದಲು ಕಬ್ಬಿಣದ ಪಟ್ಟಿ, ಆಮೇಲೆ ಮೇಲಿನ ಚಿಲಕ, ಆಮೇಲೆ ಕೆಳಗಿನದು. ಬಿಸಿಲು ಒಳಗೆ ಬಂತು. ಅವಳು ಹೊಸ್ತಿಲ ಮೇಲೆ ನಿಂತು, ಅಕ್ಕಪಕ್ಕದ ಮನೆಯವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದಳು:

"ಇದೀನಣ್ಣಾ. ರೂಪಾ ನಾನೇ."